ಬುಟ್ಟಿಯ ಆಚೆ ಬದಿಯವನು

ಸತ್ತವರ ಬಗ್ಗೆ ಬರೆಯುವುದು ಸುಲಭ. ಸತ್ತ ಮೇಲೆ ಎಲ್ಲರೂ ಒಳ್ಳೆಯವರೇ. ಚು ಯೋಗುಯ್ ಇನ್ನೂ ಬದುಕಿದ್ದಾನೆ. ನಮ್ಮ ಮನೆಯ ಕೆಳಗಿನ ಓಣಿಯಲ್ಲೇ ಇದ್ದಾನೆ. ಬೆಳಿಗ್ಗೆ ಎದ್ದು ಕೆಮ್ಮಿದರೆ ನನಗೆ ಕೇಳಿಸುತ್ತದೆ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಬರೆಯುತ್ತೇನೆಂದು ಅವನಿಗೂ ಹೇಳಿದ್ದೇನೆ. "ಬರಿಯಕ್ಕಾ, ಆದ್ರೆ ಹೊಗಳಬ್ಯಾಡ, ಊರೋರು ನಗ್ತಾರೆ" ಅಂದ. ಹೊಗಳುವ ಯೋಚನೆ ನನಗೂ ಇರಲಿಲ್ಲ.

ಯೋಗುಯ್ ಬೆಂಕಿ ಹೊರುವವನು. ನಮ್ಮ ಶಿಮೆನ್ ಕಣಿವೆಯಲ್ಲಿ ಅಂಥವರನ್ನು ಗುರುತಿಸಲು ಮುಖ ನೋಡಬೇಕಿಲ್ಲ, ಮುಂಗೈ ನೋಡಿದರೆ ಸಾಕು. ಒಂದು ಕೈ ತುಂಬ ಕೂದಲು, ಇನ್ನೊಂದು ಕೈ ಸುಲಿದ ಹಂದಿಯ ಹಾಗೆ ನುಣ್ಣಗೆ. ಬೆಂಕಿಯ ಕಡೆ ಇರುವ ಕೈಯಲ್ಲಿ ಕೂದಲು ನಿಲ್ಲುವುದಿಲ್ಲ.

ಉಳಿದ ಸೀಮೆಯವರು ಚಹಾದ ಮೊಗ್ಗಿಗೆ ಬಾಯಿ ಬಿಡುತ್ತಾರೆ. ಉಗುರಿನಷ್ಟು ಚಿಗುರು ಕಂಡರೆ ಕಿತ್ತುಕೊಂಡು ಪೇಟೆಗೆ ಓಡುತ್ತಾರೆ. ನಾವು ಎಲೆ ಮುಖ ಬಿಚ್ಚುವ ತನಕ ಕಾಯುವ ಜನ. ಕಿತ್ತು ತಂದ ಮೇಲೆ ಹೆಂಗಸರು ಬಾಗಿಲ ಮುಂದೆ ಮೊರ ಹರಡಿಕೊಂಡು ಕೂತು, ಮೊಗ್ಗನ್ನೂ ಕಡ್ಡಿಯನ್ನೂ ಮುರಿದು ಬೇರೆ ಮಾಡಿ ಬರೀ ಎಲೆ ಇಟ್ಟುಕೊಳ್ಳುತ್ತೇವೆ. ಅತ್ತೆಯರ ದೂರು, ಗಂಡಂದಿರ ಹುಳುಕು ಎಲ್ಲ ಅಲ್ಲೇ ಇತ್ಯರ್ಥ. ಆಮೇಲೆ ಎರಡು ಬಾಣಲೆ. ಮೊದಲನೆಯದು ಚುರುಕು ಬೆಂಕಿಯದು, ಅದರಲ್ಲಿ ಎಲೆಯ ಹಸಿತನ ಸಾಯಬೇಕು. ಎರಡನೆಯದರಲ್ಲಿ ಪುಟ್ಟ ಪೊರಕೆಯಿಂದ ತಟ್ಟಿ ತಟ್ಟಿ, ಅಂಚು ಮಡಚಿದ ಕಲ್ಲಂಗಡಿ ಬೀಜದ ಆಕಾರ ಬರಿಸಬೇಕು. ನಮ್ಮ ಚಹಾಕ್ಕೆ ಗ್ವಾಪಿಯನ್ ಎಂಬ ಹೆಸರು ಬಂದದ್ದು ಆ ಬೀಜದಿಂದಲೇ. ಆಮೇಲೆ ಸಣ್ಣ ಉರಿಯಲ್ಲಿ ಒಣಗಿಸಿ ಕೆಲವು ದಿನ ಸುಮ್ಮನೆ ಬಿಡುತ್ತೇವೆ. ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು. ಕಡೆಯದು ಮಾತ್ರ ಕಷ್ಟ. ಅದಕ್ಕೆ ನಾವು ಮುದಿಬೆಂಕಿ ಅನ್ನುತ್ತೇವೆ.

ಅಂಗಳದಲ್ಲಿ ಇದ್ದಿಲು ಗುಡ್ಡೆ ಹಾಕಿ ನಾಲಗೆ ಚಾಚುವಂತೆ ಉರಿಸುತ್ತಾರೆ. ಬಂಡಿಚಕ್ರದಷ್ಟು ಅಗಲದ ಬಿದಿರು ಬುಟ್ಟಿಯಲ್ಲಿ ಎಲೆ. ಈ ಬದಿಗೊಬ್ಬ, ಆ ಬದಿಗೊಬ್ಬ. ಇಬ್ಬರೂ ಅಡ್ಡಹೆಜ್ಜೆಯಲ್ಲಿ ಓಡಿ ಬಂದು ಬುಟ್ಟಿಯನ್ನು ಉರಿಯ ಮೇಲೆ ಹಿಡಿದು, ಒಂದು ಉಸಿರು ಬಿಡುವಷ್ಟರಲ್ಲಿ ಎತ್ತಿ, ಆಚೆ ಇಟ್ಟು, ಎಲೆ ತಿರುವಿ, ಮತ್ತೆ ಓಡಬೇಕು. ಒಬ್ಬ ಅರ್ಧ ಹೆಜ್ಜೆ ತಡವಾದರೆ ಎಲೆಯೆಲ್ಲ ಕೆಂಡದಲ್ಲಿ. ಹೀಗೆ ಓಡಿ ಓಡಿ ಸಾಕುಸಾಕಾದ ಮೇಲೆ ಎಲೆಯ ಮೇಲೆ ಬೂದುಬಿಳಿ ಹುಡಿ ಏಳುತ್ತದೆ, ಕಾರ್ತೀಕದ ಇಬ್ಬನಿ ಗಟ್ಟಿಯಾದ ಹಾಗೆ. ಆಗ ನಿಲ್ಲಿಸಬೇಕು. ಮೊದಲೇ ನಿಲ್ಲಿಸಿದರೆ ಚಹಾ ಮಳೆಗಾಲ ದಾಟುವುದಿಲ್ಲ, ಹುಲ್ಲಿನ ವಾಸನೆ ಹೊಡೆಯುತ್ತದೆ. ತಡಮಾಡಿದರೆ ಸುಟ್ಟುಹೋಗುತ್ತದೆ. ಸುಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಎಲೆ ಹಸಿರಾಗೇ ಇರುತ್ತದೆ, ಹುಡಿಯೂ ಇರುತ್ತದೆ. ಲೋಟದಲ್ಲಿ ಎರಡನೇ ನೀರು ಹೊಯ್ದಾಗ ನಾಲಗೆಗೆ ಬೂದಿ ತಾಗುತ್ತದೆ.

ಆ "ಸಾಕು" ಎನ್ನುವ ಮಾತನ್ನು ಯಾರು ಆಡಬೇಕು? ಚಹಾ ಯಾರದೋ ಅವರಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ತನ್ನ ಎಲೆ ಸುಟ್ಟೀತೆಂದು ಹೆದರಿ ಒಬ್ಬ ಬೇಗ ಇಳಿಸುತ್ತಾನೆ, ಊರಿಗೇ ನನ್ನದು ಹೆಚ್ಚು ಅನ್ನಿಸಿಕೊಳ್ಳಬೇಕೆಂದು ಇನ್ನೊಬ್ಬ ಎಳೆಯುತ್ತಾನೆ. ಆದ್ದರಿಂದ ನಮ್ಮ ಕಣಿವೆಯಲ್ಲಿ ಕಟ್ಟಳೆಯೇ ಇದೆ: ನಿನ್ನ ಚಹಾಕ್ಕೆ ನಾನು "ಸಾಕು" ಅನ್ನುತ್ತೇನೆ, ನನ್ನದಕ್ಕೆ ನೀನು ಅನ್ನು. ಚಹಾದ ಯಜಮಾನ ಬುಟ್ಟಿ ಹಿಡಿದು ಓಡಬೇಕು, ಅಷ್ಟೇ. ಎಲೆ ಮುಟ್ಟುವಂತಿಲ್ಲ. ಎಲೆ ತಿರುವುವವನು, ಮುಟ್ಟಿ ನೋಡುವವನು, ಬಾಯಿ ಬಿಡುವವನು ಆಚೆ ಬದಿಯವನು. ಅವನು ಹೇಳುವ ಮೊದಲೇ ಯಜಮಾನ ನಿಂತುಬಿಟ್ಟರೆ, "ನಿನ್ನ ಮೇಲೆ ನನಗೆ ನಂಬಿಕೆ ಇಲ್ಲ" ಎಂದು ಮುಖಕ್ಕೆ ಉಗಿದ ಹಾಗೆ.

ಯೋಗುಯ್‌ನ ಆಚೆ ಬದಿಯವನು ಫಾನ್ ದೆಲಿನ್. ಮೀಸೆ ಚಿಗುರುವ ವಯಸ್ಸಿನಿಂದ ಇಬ್ಬರೂ ಜೋಡಿ. ಎತ್ತರ ಒಂದೇ, ಹೆಜ್ಜೆ ಒಂದೇ. ಯೋಗುಯ್‌ಗೆ ಬಾಯಿ ಜಾಸ್ತಿ, ದೆಲಿನ್ ಹತ್ತು ಮಾತಿಗೊಂದು ನಗುವವನು. ವಸಂತ ಬಂತೆಂದರೆ ಊರ ಅರ್ಧ ಅಂಗಳಗಳಲ್ಲೂ ಆಚೆ ಬದಿಗೆ ಇವರಲ್ಲೊಬ್ಬ ಬೇಕು. ಯೋಗುಯ್‌ನ ಹೆಂಡತಿ ಹೆಯಿಂಗ್ ಮೊರದ ಮುಂದೆ ಕೂತು ಹೇಳುತ್ತಿದ್ದಳು: "ಇವರಿಬ್ರಿಗೇ ಮದ್ವೆ ಮಾಡಿಬಿಡ್ಬೇಕಿತ್ತು. ನಾನು ನೆಮ್ಮದಿಯಾಗಿ ಅಪ್ಪನ ಮನೇಲಿ ಇರ್ತಿದ್ದೆ."

"ನಿನ್ನ ಅಡುಗೆ ಮಾತ್ರ ತಪ್ಪಿ ಹೋಗ್ತಿತ್ತಲ್ಲ ಅತ್ತಿಗೆ" ಅನ್ನುತ್ತಿದ್ದ ದೆಲಿನ್.

"ಅವನ ಜೊತೆ ಬಾಳಿದ್ರೆ ಹಸಿವೂ ಇರ್ತಿರಲಿಲ್ಲ ಬಿಡು, ತಲೆ ತಿಂದೇ ಹೊಟ್ಟೆ ತುಂಬಿಸ್ತಾನೆ."

ಹಾಗಿದ್ದ ಕಾಲದಲ್ಲಿ ಕಲ್ಲುಗಣಿ ಬಂತು. ಇಪ್ಪತ್ತು ವರ್ಷದ ಹಿಂದಿನ ಮಾತು. ಮೇಲಿನ ಗುಡ್ಡದ ನೆತ್ತಿ ಒಡೆಯಲು ಹೊರಗಿನ ಒಂದು ಕಂಪನಿ ಯಂತ್ರ ತಂದು ನಿಲ್ಲಿಸಿತು. ಮೊದಲ ಸ್ಫೋಟಕ್ಕೇ ಚಹಾ ಗಿಡಗಳ ಮೇಲೆ ಹಿಟ್ಟು ಚೆಲ್ಲಿದಂತೆ ಧೂಳು. ಎಲೆ ತೊಳೆದು ಹುರಿಯಲು ಬರುವುದಿಲ್ಲ, ತೊಳೆಯದೆ ಕುಡಿಯಲು ಬರುವುದಿಲ್ಲ. ನಾವು ಹೆಂಗಸರು ಮೋಟು ಕುರ್ಚಿ, ಕೆಂಡದ ಮಡಕೆ, ಹೆಣೆಯುವ ಉಣ್ಣೆ ಹಿಡಿದುಕೊಂಡು ಹೋಗಿ ಲಾರಿ ದಾರಿಗೆ ಅಡ್ಡ ಕೂತೆವು. ಗಂಡಸರು ಹಿಂದೆ ನಿಂತರು. ಯೋಗುಯ್ ಹಿಂದೆ ನಿಲ್ಲಲಿಲ್ಲ, ನಮ್ಮ ಸಾಲಿನಲ್ಲೇ ಕೂತ. ಅದನ್ನು ಹೇಳಲೇಬೇಕು. ತಾಲೂಕು ಕಚೇರಿಯವರು ಬಂದು "ಮನೆಗೆ ಹೋಗ್ರಪ್ಪಾ" ಎಂದಾಗ "ಮನೇಲೇ ಇದೀವಿ ಸ್ವಾಮಿ, ನೀವು ನಿಂತಿರೋದೇ ನಮ್ಮ ಮನೆ ಹೊಸ್ತಿಲು" ಅಂದವನು ಅವನೇ.

ದೆಲಿನ್ ಮಾತ್ರ ಗಣಿಯ ಬಾಗಿಲಲ್ಲಿ ಲಾರಿ ತೂಗುವ ಕೆಲಸಕ್ಕೆ ಸೇರಿಕೊಂಡ. ಮಗನಿಗೆ ಹೆಣ್ಣು ಗೊತ್ತಾಗಿತ್ತು, ಮನೆ ಮೇಲೊಂದು ಅಂತಸ್ತು ಎತ್ತಬೇಕಿತ್ತು. ಒಂದು ಬೆಳಿಗ್ಗೆ ಹಳದಿ ಟೊಪ್ಪಿ ಹಾಕಿಕೊಂಡು ಮೋಟರ್‌ಬೈಕ್ ತಳ್ಳಿಕೊಂಡು ನಮ್ಮ ಸಾಲಿನ ಮುಂದೆ ಬಂದು ನಿಂತ. ದಾರಿ ಬಿಡಬೇಕು.

"ಓಹೋ, ಸಾಹೇಬ್ರು" ಅಂದ ಯೋಗುಯ್. "ಟೊಪ್ಪಿ ಚೆನ್ನಾಗಿದೆ. ತಲೆ ಎಲ್ಲಿ ಮಾರಿದೆ?"

"ಅಣ್ಣ, ಬಿಡು. ಹೊತ್ತಾಯ್ತು."

"ಹೊತ್ತಾಯ್ತಂತೆ! ಧೂಳು ತೂಗಾಕೆ ಇವನಿಗೆ ಹೊತ್ತಾಗೋಯ್ತಂತೆ ಕಣ್ರಮ್ಮ!"

ಎಲ್ಲರೂ ನಕ್ಕರು. ದೆಲಿನ್ ಬೈಕನ್ನು ಚರಂಡಿಗೆ ಇಳಿಸಿ, ಕೆಸರು ತುಳಿದುಕೊಂಡು ಆಚೆ ಹೋದ. ಆವತ್ತಿನಿಂದ ಇಬ್ಬರಲ್ಲಿ ಮಾತಿಲ್ಲ.

ಮಾತು ಬಿಡಬಹುದು, ಮುದಿಬೆಂಕಿಗೆ ಜೋಡಿ ಬಿಡಲಾಗುವುದಿಲ್ಲ. ವಸಂತ ಬಂತು. ದೆಲಿನ್ ಮಗನ ನಿಶ್ಚಯಕ್ಕೆ ಗಂಡಿನ ಮನೆಯಿಂದ ಹೆಣ್ಣಿನ ಮನೆಗೆ ಚಹಾ ಹೋಗಬೇಕು. ಹೆಣ್ಣಿನವರು ಬೆಟ್ಟದಾಚೆಯವರು, ಅವರೂ ಚಹಾದ ಜನವೇ. ಗಣಿಯ ಧೂಳು ತಲುಪದ ಓರೆಯಲ್ಲಿ ದೆಲಿನ್ ಹೆಂಡತಿ ಒಂದೊಂದೇ ಎಲೆ ಆರಿಸಿ ಕಿತ್ತು ತಂದಿದ್ದಳು. ದೆಲಿನ್ ತಾನೇ ಯೋಗುಯ್ ಬಾಗಿಲಿಗೆ ಬಂದ.

"ಅಣ್ಣ, ನಾಳೆ ಬರ್ತೀಯಾ?"

"ಬೆಂಕಿಗೆ ಬರ್ತೀನಿ. ನಿನಗಲ್ಲ."

"ಆಯ್ತು" ಅಂದ ದೆಲಿನ್.

ಮಾರನೆಯ ದಿನ ಒಳ್ಳೆ ಬಿಸಿಲು. ಹೆಯಿಂಗ್ ಇದ್ದಿಲು ಕೆದಕುತ್ತಿದ್ದಳು. ಇಬ್ಬರೂ ಮಾತಿಲ್ಲದೆ ಓಡಿದರು. ಕಾಲುಗಳು ಮಾತ್ರ ಹಳೇ ಸ್ನೇಹದಲ್ಲೇ ಇದ್ದವು, ಒಂದು ಹೆಜ್ಜೆ ತಪ್ಪಲಿಲ್ಲ ಎಂದು ಹೆಯಿಂಗ್ ಹೇಳುತ್ತಾಳೆ. ಎಲೆ ಬೆಳ್ಳಗೆ ಹುಡಿ ಕಟ್ಟಿತು. ಯೋಗುಯ್ ಬೆರಳಿಗೆ ಅದು ಗೊತ್ತಾಯಿತು. ಬಾಯಿ ತೆರೆದ. ಅಷ್ಟರಲ್ಲಿ ಗೋಡೆಯ ಮೊಳೆಗೆ ನೇತುಹಾಕಿದ್ದ ಹಳದಿ ಟೊಪ್ಪಿ ಕಣ್ಣಿಗೆ ಬಿತ್ತು. ತೆರೆದ ಬಾಯಿ ಮುಚ್ಚಿ, ಬಗ್ಗಿ, ಬುಟ್ಟಿಯ ಅಂಚು ಹಿಡಿದ.

ದೆಲಿನ್ ಕೂಡ ಬಗ್ಗಿ ಹಿಡಿದ.

ಮತ್ತೆ ಬೆಂಕಿ. ಮತ್ತೆ ಕೆಳಗೆ. ದೆಲಿನ್ ಮೂಗು ಅರಳಿತು. ವಾಸನೆ ಬಂದಿತ್ತು. ಹುಟ್ಟಿದಾಗಿನಿಂದ ಆ ವಾಸನೆಯಲ್ಲೇ ಬೆಳೆದವನಿಗೆ ಬರದೆ ಇರುತ್ತದೆಯೆ? ತಲೆ ಎತ್ತಿ ಯೋಗುಯ್ ಮುಖ ನೋಡಿದ. ಯೋಗುಯ್ ಬೆಂಕಿ ನೋಡುತ್ತಿದ್ದ. ದೆಲಿನ್ ಏನೂ ಹೇಳಲಿಲ್ಲ. ಹೇಳಿದರೆ ನಂಬಿಕೆ ಇಲ್ಲವೆಂದಾಗುತ್ತದೆ. ಮಗನ ನಿಶ್ಚಯದ ಚಹಾ ಕಣ್ಣೆದುರೇ ಸುಡುತ್ತಿದ್ದರೂ ಮತ್ತೆ ಬುಟ್ಟಿ ಎತ್ತಿದ. ಹೆಯಿಂಗ್ ಕೈಯಿಂದ ಇಕ್ಕಳ ಜಾರಿ ಬಿತ್ತು. ಇನ್ನೂ ಒಂದಷ್ಟು ಸಲ ಓಡಿಸಿ ಆಮೇಲೆ ಯೋಗುಯ್ "ಸಾಕು" ಅಂದ.

ಬಿಸಿಬಿಸಿ ಎಲೆಯನ್ನೇ ತಗಡಿನ ಡಬ್ಬಿಗೆ ಸುರಿದು, ಮುಚ್ಚಳದ ಸಂದಿಗೆ ಬೆಸುಗೆ ಹಾಕಿ ಮುಚ್ಚಿದರು. ದೆಲಿನ್ ಹೆಂಡತಿ ಉಪ್ಪು ಹಂದಿಮಾಂಸ, ಅಕ್ಕಿಯ ಹೆಂಡ ತಂದಿಟ್ಟಳು. ಯೋಗುಯ್ ಕೂತು ತಿಂದ, ಕುಡಿದ. ಸುಟ್ಟದ್ದಕ್ಕಿಂತ ಆ ಹೆಂಡ ಕುಡಿದದ್ದೇ ನನಗೆ ಹೇಸಿಗೆ.

ಮನೆಗೆ ಬರುವ ದಾರಿಯಲ್ಲಿ ಹೆಯಿಂಗ್ ಕೇಳಿದಳಂತೆ: "ನಿನ್ನ ಬಾಯಿಗೇನು ಹುಣ್ಣಾಗಿತ್ತಾ?"

"ಗಣಿಯೋರ ಕೂಳು ತಿನ್ನೋನ ಚಹಾ ಸುಟ್ರೆ ಸುಡ್ಲಿ ಬಿಡೇ. ಇದೂ ಹೋರಾಟಾನೇ."

ಇಲ್ಲ. ಈ ಮಾತನ್ನು ನಾನು ಒಪ್ಪುವುದಿಲ್ಲ. ಆ ದಾರಿಯಲ್ಲಿ ಚಳಿಗಾಲವಿಡೀ ಕೂತವಳು ನಾನು. ಹೋರಾಟ ಯಾವುದು, ಹೊಟ್ಟೆಕಿಚ್ಚು ಯಾವುದು ಎಂದು ನನಗೆ ಗೊತ್ತು. ಗಣಿಯ ಲಾರಿ ತಡೆಯುವುದು ಹೋರಾಟ. ಹಗಲಲ್ಲಿ, ನಾಲ್ಕು ಜನರ ಎದುರು, ಎದುರಾಳಿಗೆ ಹೇಳಿ ಮಾಡುವಂಥದ್ದು. ನಿನ್ನನ್ನು ನಂಬಿ ಬುಟ್ಟಿ ಹಿಡಿದವನ ಎಲೆ ಸುಡುವುದಕ್ಕೆ ಬೇರೆ ಹೆಸರಿದೆ. ಆ ಹೆಸರನ್ನು ಅವನ ಮುಖದ ಮೇಲೇ ಹೇಳಿದ್ದೇನೆ, ಇಲ್ಲಿ ಬರೆದರೆ ಅಚ್ಚು ಹಾಕುವವರು ಹೊಡೆದುಹಾಕುತ್ತಾರೆ.

ದೆಲಿನ್ ಡಬ್ಬಿಯ ಬೆಸುಗೆ ಒಡೆದು ರುಚಿ ನೋಡಬಹುದಿತ್ತು. ನೋಡಲಿಲ್ಲ. ಒಡೆದರೆ ಅದೂ ಅನುಮಾನವೇ. ವಾಸನೆ ಕೆಂಡಕ್ಕೆ ಬಿದ್ದ ಯಾವುದೋ ಎಲೆಯದಿರಬೇಕು ಎಂದು ತನಗೆ ತಾನೇ ಹೇಳಿಕೊಂಡು, ಡಬ್ಬಿಗೆ ಕೆಂಪು ಕಾಗದ ಸುತ್ತಿ ಬೆಟ್ಟದಾಚೆಗೆ ಕಳಿಸಿದ.

ಅಲ್ಲಿ ನಡೆದದ್ದನ್ನು ಮದುವೆ ಕುದುರಿಸಿದ ಹೆಂಗಸು ಬಂದು ಹೇಳಿದಳು. ಹುಡುಗಿಯ ಅಜ್ಜಿ ಡಬ್ಬಿ ಬಿಚ್ಚಿ, ಚಿಟಿಕೆ ಎಲೆಯನ್ನು ಗಾಜಿನ ಲೋಟಕ್ಕೆ ಹಾಕಿ, ಫ್ಲಾಸ್ಕಿನ ನೀರು ಹೊಯ್ದಳು. ಮೊದಲ ನೀರಿಗೆ "ಬೆಂಕಿ ಜೋರಾಗಿದೆ, ಗಂಡಸರು ಗಟ್ಟಿ ಇದಾರೆ" ಅಂದಳು. ಎಲ್ಲರೂ ನಕ್ಕರು. ಎರಡನೇ ನೀರು ಹೊಯ್ದು, ಒಂದು ಗುಟುಕು ಬಾಯಲ್ಲಿ ಆಡಿಸಿ, ನೆಲಕ್ಕೆ ಉಗಿದಳು.

"ಇದು ಸುಟ್ಟ ಚಹಾ."

"ಅಜ್ಜಿ, ಬೆಂಕಿ ಒಂಚೂರು ಹೆಚ್ಚಾಗಿರಬೋದು, ಅದೇನು ಮಹಾ..." ಎಂದಳು ಮದುವೆ ಕುದುರಿಸಿದವಳು.

"ಬೆಂಕಿ ವಿಷ್ಯ ಅಲ್ಲ ಕಣೇ. ಆ ಮನೆಗೆ ಹೊತ್ತಿಗೆ ಸರಿಯಾಗಿ 'ಸಾಕು' ಅನ್ನಾಕೆ ಒಬ್ಬ ಗೆಣೆಕಾರನೂ ಇಲ್ವಾ? ಊರಲ್ಲಿ ಒಬ್ಬನೂ ಬೇಕಾದೋನಿಲ್ದೆ ಬದುಕೋರ ಮನೆ ಅದು. ನಾಳೆ ನಮ್ಮ ಹುಡುಗಿಗೆ ಕಷ್ಟ ಬಂದ್ರೆ ಯಾರ ಬಾಗಿಲು ತಟ್ಟಬೇಕು?"

ಡಬ್ಬಿ ವಾಪಸು ಬಂತು. ಕೆಂಪು ಕಾಗದವನ್ನೂ ನೀಟಾಗಿ ಮಡಚಿ ಇಟ್ಟಿದ್ದರು.

ದೆಲಿನ್ ಊರಲ್ಲಿ ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದ: "ಇದ್ದಿಲು ಹಸಿ ಇತ್ತು." ಹಸಿ ಇದ್ದಿಲಿಗೆ ಹೊಗೆ ಬರುತ್ತದೆ, ಎಲೆ ಸುಡುವುದಿಲ್ಲ. ಇದು ನಮ್ಮ ಊರಿನ ಕೋಳಿಗೂ ಗೊತ್ತು. ಆದರೆ ಯೋಗುಯ್ ಹೆಸರು ಅವನ ಬಾಯಿಂದ ಬರಲಿಲ್ಲ. ಮಗ ಎಲ್ಲೋ ಬಂದರಿನಲ್ಲಿ ಕೆಲಸ ಹಿಡಿದು ಅಲ್ಲೇ ಮದುವೆಯಾದ. ದೆಲಿನ್ ಆ ವರ್ಷದಿಂದ ಎಲೆಯನ್ನು ಹಸಿಯಾಗೇ ಕಾರ್ಖಾನೆಗೆ ಕೊಟ್ಟ. ಯಾರ ಅಂಗಳಕ್ಕೂ ಬೆಂಕಿ ಹೊರಲು ಹೋಗಲಿಲ್ಲ. ಆಮೇಲೆ ಗಣಿ ಕೆಲಸವನ್ನೂ ಬಿಟ್ಟು, ಕೆಳಗಿನ ಪೇಟೆಯಲ್ಲಿ ಬೈಕ್ ರಿಪೇರಿ ಅಂಗಡಿ ಹಾಕಿದ.

ಗಣಿ ನಿಂತಿತು. ಕಡೆಗೂ ಕಂಪನಿಯವರು ಯಂತ್ರ ಬಿಚ್ಚಿಕೊಂಡು ಹೋದರು. ನಾವು ಅದೇ ದಾರಿಯಲ್ಲಿ ಬೆಂಕಿಯ ಮೇಲೆ ತೂಗುವ ಮಡಕೆ ಕಟ್ಟಿ, ಮೂಲಂಗಿ, ತೋಫು, ಹಂದಿಮಾಂಸ ಬೇಯಿಸಿ ಊರೂಟ ಹಾಕಿದೆವು. ಕುಣಿತವೋ ಕುಣಿತ. ಯೋಗುಯ್ ಮಾತ್ರ ಚರಂಡಿಯ ಪಕ್ಕ ಕೂತಿದ್ದ. ಬಟ್ಟಲು ಹಿಡಿದು ಹೋದೆ.

"ಏನಯ್ಯಾ, ಗೆದ್ದ ದಿನ ಹೆಣ ಕಾಯೋನ ಥರ ಕೂತಿದೀಯಾ?"

ಆಗ ಹೇಳಿದ. ಅಲ್ಲಿಯವರೆಗೆ ಹೆಯಿಂಗ್ ಹೊರತು ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಎಲ್ಲ ಹೇಳಿ, "ಅವನು ನನ್ನ ಮುಖ ನೋಡ್ದ ಅಕ್ಕಾ. ನೋಡಿ, ಮತ್ತೆ ಬುಟ್ಟಿ ಎತ್ತಿದ. ಬೈದಿದ್ರೆ ಆಗ್ತಿತ್ತು, ಹೊಡೆದಿದ್ರೂ ಆಗ್ತಿತ್ತು" ಅಂದ.

ನಾನು ಬೈಯುವುದನ್ನೆಲ್ಲ ಬೈದು ಮುಗಿಸಿ, "ಹೋಗಿ ಅವನ ಹತ್ರ ಹೇಳು" ಅಂದೆ.

"ಅವನಿಗೆ ಗೊತ್ತು."

"ಗೊತ್ತಿದ್ರೂ ಹೇಳು. ಅವನಿಗೆ ತಿಳೀಲಿ ಅಂತಲ್ಲ, ನಿನ್ನ ಬಾಯಿಂದ ಬರ್ಲಿ ಅಂತ."

ಹೋಗಲಿಲ್ಲ. ಪೇಟೆಗೆ ಹೋದರೂ ಆ ಬೀದಿ ತಪ್ಪಿಸಿ ಸುತ್ತುಹಾಕಿ ಬರುತ್ತಿದ್ದ. ಹೀಗೇ ವರ್ಷಗಳು ಕಳೆದವು. ಇಬ್ಬರ ತಲೆಯೂ ನರೆಯಿತು. ಮೊನ್ನೆ ಮೊನ್ನೆ, ನಾಲ್ಕು ವಸಂತದ ಹಿಂದೆ, ಹೆಯಿಂಗ್ ತಾನೇ ಬಸ್ಸು ಹತ್ತಿ ಹೋಗಿ ದೆಲಿನ್ ಅಂಗಡಿಯ ಮುಂದೆ ನಿಂತಳು. "ಈ ಸಲ ನಮ್ಮ ಚಹಾಕ್ಕೆ ನೀನು ಬರಬೇಕು. ನಿಮ್ಮಣ್ಣ ಕೇಳಾಕೆ ನಾಚ್ಕೋತಾನೆ, ನನಗೆ ನಾಚಿಕೆ ಸತ್ತಿದೆ."

ದೆಲಿನ್ ಬಂದ. ಗ್ರೀಸು ಹೋಗುವ ತನಕ ಯೋಗುಯ್ ಮನೆಯ ಹಿತ್ತಲ ಕಲ್ಲಿನ ಮೇಲೆ ಬೂದಿಯಲ್ಲಿ ಕೈ ಉಜ್ಜಿದ. ಎಲೆಗೆ ಎಣ್ಣೆ ವಾಸನೆ ತಾಗಬಾರದಲ್ಲ. ಯೋಗುಯ್ ತನ್ನ ಇಡೀ ವರ್ಷದ ಒಳ್ಳೆ ಎಲೆಯನ್ನೆಲ್ಲ ಒಂದೇ ಬುಟ್ಟಿಗೆ ಸುರಿದು ನಿಂತಿದ್ದ. ಯಾಕೆಂದು ನನಗೆ ಹೊಳೆಯಿತು. ದೆಲಿನ್ ಸುಮ್ಮನಿರಲಿ, "ಸಾಕು" ಅನ್ನದಿರಲಿ, ಎಲ್ಲ ಸುಟ್ಟು ಹೋಗಲಿ, ಅಲ್ಲಿಗೆ ಸರಿಹೋಯಿತು ಎಂಬ ಯೋಚನೆ ಅದು. ತಪ್ಪು ಮಾಡಿದವನಿಗೆ ಶಿಕ್ಷೆ ಸಿಕ್ಕಿದರೆ ಹಾಯಾಗಿ ನಿದ್ದೆ ಬರುತ್ತದೆ.

ಮುದುಕರಿಬ್ಬರೂ ಓಡಿದರು. ಓಟವೆಲ್ಲಿ ಬಂತು, ಬಿರುಸಿನ ನಡಿಗೆ. ಏದುಸಿರು. ದೆಲಿನ್ ಪ್ರತಿ ಸಲವೂ ಎಲೆ ತಿರುವಿದ, ಮೂಸಿದ. ಹುಡಿ ಎದ್ದಿತು. ಯೋಗುಯ್ ಕಣ್ಣು ಮುಚ್ಚಿಕೊಂಡ.

"ಸಾಕು" ಅಂದ ದೆಲಿನ್. ಹೇಳಬೇಕಾದ ಗಳಿಗೆಯಲ್ಲೇ ಹೇಳಿದ.

ಯೋಗುಯ್ ಬುಟ್ಟಿ ಬಿಡಲಿಲ್ಲ, ಬೆಂಕಿಯ ಕಡೆಗೇ ಎಳೆದ.

"ಅಣ್ಣ, ಇಳಿಸು. ಸಾಕು ಅಂದೆನಲ್ಲ."

"ಸುಡ್ಲಿ ಬಿಡೋ. ಆವತ್ತು ನಾನು ಬೇಕಂತಲೇ ಹೇಳ್ಲಿಲ್ಲ ಕಣೋ ದೆಲಿನ್. ಬೇಕಂತಲೇ. ನೀನೂ ಹೇಳ್ಬ್ಯಾಡ."

"ಸೊಪ್ಪು ಏನ್ಮಾಡಿತ್ತಣ್ಣ? ಇಳಿಸು ಮೊದ್ಲು. ಕೈ ಸುಡ್ತಿದೆ ನಂಗೆ."

ಇಳಿಸಿದರು. ಹೆಯಿಂಗ್ ಡಬ್ಬಿ ತಂದಳು. ಯೋಗುಯ್ ಅಲ್ಲೇ ನೆಲದ ಮೇಲೆ ಕುಸಿದು ಕೂತು, "ಮುಂದಿನ ವರ್ಷ ನಿನ್ನ ಎಲೆ ತಾ. ನಾನು ಬರ್ತೀನಿ. ನೀನು ಕರೆಯೋದೂ ಬ್ಯಾಡ, ನಾನೇ ಬರ್ತೀನಿ" ಅಂದ.

"ಎಲೆ ಎಲ್ಲಿಂದ ತರ್ಲಿ? ಗಿಡ ಎಲ್ಲ ಕಿತ್ತಾಕಿ ಆಗ್ಲೇ ಆರೇಳು ವರ್ಷ ಆಯ್ತು. ಈಗ ಅಲ್ಲಿ ಅಕ್ರೋಟು."

ಸಿಟ್ಟಿನಿಂದ ಹೇಳಿದ ಮಾತಾಗಿರಲಿಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದ. ಹೆಂಡದ ಬಟ್ಟಲು ಮುಟ್ಟಲಿಲ್ಲ. ಅಂಗಡಿ ಮುಂದೆ ಯಾರೋ ಪಂಕ್ಚರಾದ ಬೈಕು ನಿಲ್ಲಿಸಿ ಹೋಗಿದ್ದಾರೆಂದು ಎದ್ದ. ಹೆಯಿಂಗ್ ಒಂದು ಪೊಟ್ಟಣ ಚಹಾ ಹಿಡಿದು ಹಿಂದೆ ಓಡಿದಳು. "ಅತ್ತಿಗೆ ಕೊಟ್ರೆ ಬ್ಯಾಡ ಅನ್ನಲ್ಲ" ಎಂದು ಅದನ್ನು ಜೇಬಿಗೆ ಹಾಕಿಕೊಂಡು ಹೋದ. ಮತ್ತೆ ಬರಲಿಲ್ಲ. ಕರೆದರೆ "ಮಂಡಿ ನೋವು" ಅನ್ನುತ್ತಾನೆ. ನಿಜವೂ ಇರಬಹುದು.

ಆ ಚಹಾ ನನ್ನ ಮನೆಗೂ ಒಂದಿಷ್ಟು ಬಂತು. ಬೆಂಕಿಯ ಖಾರ ಇಳಿಯಲೆಂದು ಹದಿನೈದು ದಿನ ಬಿಟ್ಟು ತೆಗೆದೆ. ಕುದಿ ಇಳಿದ ನೀರು ಹೊಯ್ದರೆ ಎಲೆಗಳು ಒಂದೊಂದಾಗಿ ಮೈಮುರಿದು ಲೋಟದ ತಳಕ್ಕಿಳಿದವು. ಮೊದಲ ಗುಟುಕು ಕಹಿ, ನುಂಗಿದ ಮೇಲೆ ಗಂಟಲಲ್ಲಿ ನಿಧಾನಕ್ಕೆ ಸಿಹಿ. ಎರಡನೇ ನೀರಿಗೆ ಹುರಿದ ಗೋಡಂಬಿಯಂಥ ಘಮ. ಮೂರನೆಯದೂ ತೆಳ್ಳಗಾಗಲಿಲ್ಲ. ನಾನು ಹೊಗಳುವುದು ಕಡಿಮೆ. ಆವತ್ತು ಮಾತಾಡದೆ ಕುಡಿದೆ. ಅಂಥದ್ದು ಆ ಮನೆಯಿಂದ ಆಮೇಲೆ ಬಂದಿಲ್ಲ.

ಈಗ ಯೋಗುಯ್‌ಗೆ ಗಟ್ಟಿ ಜೋಡಿ ಇಲ್ಲ. ಸಿಕ್ಕವರ ಜೊತೆ ಹೊರುತ್ತಾನೆ. ಬೇರೆಯವರು ಅವನ ಚಹಾಕ್ಕೆ ಸರಿಯಾಗೇ ಹೇಳುತ್ತಾರೆ, ಒಮ್ಮೊಮ್ಮೆ ತಪ್ಪುತ್ತಾರೆ, ಅವನು ಬೇಸರ ಮಾಡಿಕೊಳ್ಳುವುದಿಲ್ಲ. ತೊಂದರೆ ಅವನು ಹೇಳಬೇಕಾದಾಗ. ಬೇರೆಯವರ ಎಲೆಗೆ ಹುಡಿ ಏಳುವ ಮೊದಲೇ, ಇನ್ನೂ ಹಸಿರು ವಾಸನೆ ಇರುವಾಗಲೇ "ಸಾಕು" ಅಂದುಬಿಡುತ್ತಾನೆ. ಕಟ್ಟಳೆ ಕಟ್ಟಳೆಯೇ, ಯಜಮಾನ ಇಳಿಸಲೇಬೇಕು. ಮಳೆ ಶುರುವಾಗುವ ಹೊತ್ತಿಗೆ ಆ ಚಹಾ ಸಪ್ಪೆಯಾಗಿ, ಒದ್ದೆ ಹುಲ್ಲಿನಂತೆ ನಾರುತ್ತದೆ. ಮೊದಲು ಅರ್ಧ ಊರು ಕರೆಯುತ್ತಿತ್ತು, ಈಗ ಒಂದೆರಡು ಮನೆಯವರು ದಾಕ್ಷಿಣ್ಯಕ್ಕೆ ಕರೆಯುತ್ತಾರೆ. ಅದರಲ್ಲಿ ನಮ್ಮದೊಂದು.

ಈ ವರ್ಷ ನಮ್ಮ ಅಂಗಳದಲ್ಲೂ ಹಾಗೇ ಆಯಿತು. ನನ್ನ ತಮ್ಮ ಬುಟ್ಟಿ ಇಳಿಸಿ, ಏನೂ ಅನ್ನದೆ ಒಳಗೆ ಹೋದ. ನನಗೆ ಸುಮ್ಮನಿರುವ ಅಭ್ಯಾಸವಿಲ್ಲ.

"ಬೇಗ ಹೇಳ್ಬಿಟ್ಟೆ ಕಣಯ್ಯಾ" ಅಂದೆ.

ಯೋಗುಯ್ ಬುಟ್ಟಿಯ ಎಲೆಯನ್ನು ಬೆರಳಲ್ಲಿ ಕೆದಕುತ್ತ ಕೂತಿದ್ದ. "ಗೊತ್ತು ಅಕ್ಕಾ" ಅಂದ. "ಇನ್ನೂ ಸ್ವಲ್ಪ ತಡೀಬೇಕು ಅಂತ ಕೈ ಹೇಳ್ತದೆ. ಬಾಯಿ ಅಷ್ಟರಲ್ಲಿ ತಾನೇ ಬಿಟ್ಕೊಂಡಿರ್ತದೆ."